ಹಂಡೆ ನೀರಿನ ಅಳಿಯ

ನಮ್ಮ ಮನೆಯಲ್ಲಿ ಎಡವಟ್ಟುಗಳು ನಡೆಯುವುದಕ್ಕೆ ಮುಹೂರ್ತ ಬೇಡ, ಫೋನಿನಲ್ಲಿ ಚಾರ್ಜ್ ಇದ್ದರೆ ಸಾಕು. ದೀಪಾವಳಿ ಹತ್ತಿರ ಬಂತೆಂದರೆ ಅದೂ ಬೇಡ, ತಾವಾಗಿಯೇ ನಡೆದು ಹೋಗುತ್ತವೆ.

ನಾವಿರುವುದು ಮರಾಠಿ ನಾಡಿನ ಐರೋಲಿಯಲ್ಲಿ, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕಡೆಗೆ ಮುಖ ಮಾಡಿದ ಕಟ್ಟಡದ ಗ್ರೌಂಡ್ ಫ್ಲೋರಿನಲ್ಲಿ. ಬೆಳಿಗ್ಗೆ ಕಟ್ಟಡದವರೆಲ್ಲ ಟ್ರೇನ್ ಹಿಡಿದು ಹೋದ ಮೇಲೆ ಉಳಿಯುವವರು ನಾನು ಮತ್ತು ನನ್ನ ಅತ್ತೆ. ಹಾಗಾಗಿ ಮೇಲಿನ ಮಹಡಿಗಳ ಪಾರ್ಸಲ್‌ಗಳೆಲ್ಲ ನಮ್ಮ ಹಾಲಿನಲ್ಲೇ ಇಳಿಯುತ್ತವೆ. ಮಧ್ಯಾಹ್ನ ಊಟ ಮುಗಿಸಿ ಆ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಮಲಗುತ್ತೇನೆ. ಕಿಟಕಿಯಲ್ಲಿ ಆಕಾಶಬುಟ್ಟಿ ಮೆಲ್ಲಗೆ ತಿರುಗುತ್ತಿರುತ್ತದೆ, ಅದರ ಬಣ್ಣ ಪೆಟ್ಟಿಗೆಗಳ ಮೇಲೆ ಹರಿದಾಡುತ್ತದೆ, ಠಾಣೆಗೆ ಹೋಗುವ ಟ್ರೇನಿನ ಸದ್ದು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಆ ಅರೆನಿದ್ದೆಯಲ್ಲಿ ಯಾವ ಪೆಟ್ಟಿಗೆಯೊಳಗೆ ಏನಿರಬಹುದು ಎಂದು ಊಹಿಸುವುದೇ ನನಗೆ ಸುಖ. ಒಮ್ಮೆ ಒಂದು ಉದ್ದನೆಯ ಪೆಟ್ಟಿಗೆಯಲ್ಲಿ ವೀಣೆ ಇದೆ ಎಂದುಕೊಂಡಿದ್ದೆ. ಸಂಜೆ ಮೂರನೇ ಮಹಡಿಯವರು ಬಂದು ಅದು ನೆಲ ಒರೆಸುವ ಕೋಲು ಎಂದರು. ನನಗೇನೂ ಬೇಸರವಾಗಲಿಲ್ಲ. ಮಧ್ಯಾಹ್ನ ಪೂರ್ತಿ ಅದು ವೀಣೆಯೇ ಆಗಿತ್ತು.

ನಮ್ಮ ಸೊಸೈಟಿಯ ಸೆಕ್ರೆಟರಿ ಮಾತ್ರ ಕನಸು ಕಾಣುವ ಪೈಕಿ ಅಲ್ಲ. ಹಬ್ಬಕ್ಕೆ ಮೊದಲು ದಿನಾ ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಎಚ್ಚರಿಕೆ ಹಾಕುತ್ತಾರೆ. ಆನ್‌ಲೈನಿನಲ್ಲಿ ಉಡುಗೊರೆ ತರಿಸುವವರೇ, ಜೋಪಾನ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಪೆಟ್ಟಿಗೆ ಒಡೆಯುವಾಗ ವೀಡಿಯೋ ಮಾಡಿಕೊಳ್ಳಿ. ಕೊಂಡವರು ಬರೆದದ್ದನ್ನು ಓದದೆ ಏನನ್ನೂ ಕೊಳ್ಳಬೇಡಿ. ಈ ದೀಪಾವಳಿಗೆ ನಾವು ಮನೆಯವರೆಲ್ಲ ಇವೆಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದೆವು. ಪಾಲಿಸಿದ್ದರಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ಒಂದೇ ನಕ್ಷತ್ರ

ನಮ್ಮ ಯಜಮಾನರದ್ದು ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಸಣ್ಣ ಶಾಕಾಹಾರಿ ಹೋಟೆಲು. ಉಡುಪಿಯಿಂದ ಬಂದವರು ಇಲ್ಲಿ ಇನ್ನೇನು ಮಾಡಲಿಕ್ಕುಂಟು ಎಂದು ಅವರೇ ನಗುತ್ತಾರೆ. ಹೋಟೆಲಿಗೆ ಒಳ್ಳೆಯ ಹೆಸರಿದೆ. ಆದರೆ ಒಂದು ದಿನ ಯಾರೋ ಗಿರಾಕಿ ಫೋನಿನಲ್ಲಿ ಹೋಟೆಲಿಗೆ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು, ‘ಸಾಂಬಾರಿನಲ್ಲಿ ಬೆಲ್ಲ ಇದೆ’ ಎಂದು ಬರೆದುಬಿಟ್ಟ.

ಯಜಮಾನರಿಗೆ ಊಟ ಸೇರಲಿಲ್ಲ. “ಸಾಂಬಾರಿನಲ್ಲಿ ಬೆಲ್ಲ ಇಲ್ಲದೆ ಮತ್ತೆಂತ ಇರ್ತದೆ? ಸಮುದ್ರದಲ್ಲಿ ಉಪ್ಪುಂಟು ಅಂತ ಯಾರಾದರೂ ಕಂಪ್ಲೇಂಟ್ ಕೊಡ್ತಾರಾ?” ಎಂದು ನನ್ನನ್ನು ಕೇಳಿದರು. ಕೆಲವು ದಿನ ಬೆಲ್ಲ ಕಮ್ಮಿ ಮಾಡಿ ನೋಡಿದರು. ದಿನಾ ಬರುವ ಗಿರಾಕಿಗಳು ಸಾಂಬಾರ್ ಮುಟ್ಟಿ, ಯಜಮಾನರ ಮುಖ ನೋಡಿ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಬೆಲ್ಲ ವಾಪಸ್ ಬಂತು. ಆದರೆ ಗಲ್ಲಾದಲ್ಲಿ ಕೂತು ಬಂದವರನ್ನೆಲ್ಲ ‘ಇವನೇ ಇರಬಹುದೋ’ ಎಂದು ನೋಡುವ ಚಾಳಿ ಹೋಗಲು ಬಹಳ ಕಾಲ ಬೇಕಾಯಿತು.

ಆ ಸಂಕಟದಲ್ಲಿ ಅವರೊಂದು ಶಪಥ ಮಾಡಿದರು. ಬದುಕಿರುವವರೆಗೆ ತಾನು ಯಾರ ನಕ್ಷತ್ರವನ್ನೂ ಕೀಳುವುದಿಲ್ಲ. ರಬಾಳೆಗೆ ಎಂದು ಹತ್ತಿಸಿಕೊಂಡು ವಾಶಿಯಲ್ಲಿ ಇಳಿಸಿದ ರಿಕ್ಷಾದವನಿಗೆ ಐದು ಕೊಟ್ಟರು. ಗೀಸರ್ ರಿಪೇರಿ ಮಾಡಿ, ಅದು ತನಗೆ ಮನಸ್ಸಾದಾಗ ಮಾತ್ರ ಬಿಸಿನೀರು ಕೊಡುವಂತೆ ಮಾಡಿಟ್ಟು ಹೋದ ಮೆಕ್ಯಾನಿಕ್‌ಗೂ ಐದು. “ಅವನಿಗೂ ಸಂಸಾರ ಉಂಟಲ್ಲ ಮಾರಾಯ್ತಿ, ರಾತ್ರಿ ಊಟ ಸೇರುವುದು ಬೇಡ್ವಾ” ಎನ್ನುತ್ತಾರೆ.

ಇಷ್ಟು ವರ್ಷ ಬೇಯಿಸಿ ಹಾಕಿದ ನನಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು, “ನಿನಗೆ ಆ್ಯಪ್ ಇಲ್ಲವಲ್ಲ.”

ಚಾಲೇಲ್

ನಮ್ಮ ಮಗಳ ಮದುವೆ ಈ ಬೇಸಿಗೆಯಲ್ಲಿ ಆಯಿತು. ಅಳಿಯ ಡೊಂಬಿವಲಿಯ ಮರಾಠಿ ಹುಡುಗ. ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ಹಿಂದಕ್ಕೆ ಕಳಿಸುವವನು. ಒಳ್ಳೆಯ ಹುಡುಗ, ಆದರೆ ಮಾತೇ ಇಲ್ಲ. ಏನು ಕೇಳಿದರೂ ‘ಚಾಲೇಲ್’ ಎನ್ನುತ್ತಾನೆ, ಅಂದರೆ ಮರಾಠಿಯಲ್ಲಿ ‘ಆದೀತು’. ಚಹಾ ಮಾಡಲೇ ಎಂದರೆ ಚಾಲೇಲ್, ಬೇಡ, ಕಾಫಿಯೇ ಮಾಡುತ್ತೇನೆ ಎಂದರೂ ಚಾಲೇಲ್. ಒಮ್ಮೆ ಅತ್ತೆಯ ಶೀತಕ್ಕೆಂದು ಕುದಿಸಿಟ್ಟಿದ್ದ ಕಾಳುಮೆಣಸಿನ ಕಷಾಯವನ್ನು ಕಾಫಿ ಎಂದು ತಿಳಿದು ಅವನ ಮುಂದೆ ಇಟ್ಟುಬಿಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತ ಲೋಟ ಖಾಲಿ ಮಾಡಿದ. ಇನ್ನೊಂದು ಸ್ವಲ್ಪ ಹಾಕಲೇ ಎಂದೆ. ಚಾಲೇಲ್ ಎಂದ.

ನನಗೆ ಒಳಗೊಳಗೇ ಕೊರಗು. ಈ ಹುಡುಗ ನಮ್ಮ ಮನೆಯಲ್ಲಿ ಬಾಯಿತುಂಬ ನಕ್ಕದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಮ್ಮನ್ನು ಇಷ್ಟಪಟ್ಟಿದ್ದಾನೋ, ಸಹಿಸಿಕೊಂಡಿದ್ದಾನೋ, ಹೇಗೆ ತಿಳಿಯುವುದು? ಮಗಳನ್ನು ಕೇಳಿದರೆ, “ಮಮ್ಮಿ, ವೋ ಐಸಾ ಹೀ ಹೈ, ಟೆನ್ಶನ್ ಮತ್ ಲೋ” ಎನ್ನುತ್ತಾಳೆ, ಅವನಿರುವುದೇ ಹಾಗೆ, ತಲೆಬಿಸಿ ಬೇಡ ಎಂದು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಯಜಮಾನರಿಗೂ ಅಳಿಯನ ಜತೆ ಏನು ಮಾತಾಡುವುದೆಂದು ಗೊತ್ತಾಗದೆ, ಸೆಕ್ರೆಟರಿಯ ಎಚ್ಚರಿಕೆಗಳನ್ನೆಲ್ಲ ದಿನಾ ಅವನಿಗೆ ಕಳಿಸುತ್ತಿದ್ದರು. ಅವನು ದಿನಾ ಒಂದು ಹೆಬ್ಬೆರಳು ಕಳಿಸುತ್ತಿದ್ದ. ಮಾವ ಅಳಿಯನ ಸಂಬಂಧ ಹಾಗೆ ಸಾಗಿತ್ತು.

ನವರಾತ್ರಿಗೆ ಅವರಿಬ್ಬರೂ ಬಂದಿದ್ದಾಗ ಅತ್ತೆ ಸೋಫಾದಲ್ಲಿ ಕೂತು, ಏಳಲಾಗದೆ, ಎಂದಿನಂತೆ ಅದನ್ನು ಬಯ್ಯುತ್ತಿದ್ದರು. “ಈ ಸೋಫಾ ಕೂತವರನ್ನು ನುಂಗ್ತದೆ. ಎಬ್ಬಿಸ್ಲಿಕ್ಕೆ ಇಬ್ಬರು ಬೇಕು. ಕೈ ಇರುವ ಬೆತ್ತದ ಕುರ್ಚಿ ಒಂದು ಇದ್ದಿದ್ರೆ ನಾನೇ ಏಳ್ತಿದ್ದೆ.” ಮಗಳು ಅದನ್ನು ಗಂಡನಿಗೆ ಮರಾಠಿಯಲ್ಲಿ ಹೇಳಿದಳು. ಅವನು ಚಾಲೇಲ್ ಎಂದು, ಅತ್ತೆಯ ಒಂದು ತೋಳು ಹಿಡಿದ. ಇನ್ನೊಂದನ್ನು ನಾನು ಹಿಡಿದೆ.

ಎದ್ದು ನಿಂತ ಅತ್ತೆ ಅವನನ್ನೇ ನೋಡುತ್ತ ಹೇಳಿದರು. “ಮೊದಲ ದೀಪಾವಳಿಗೆ ಬರುವ ಅಳಿಯ ಹಂಡೆ ನೀರಲ್ಲಿ ಮಿಂದರೆ ಮನೆಯವನಾಗ್ತಾನೆ. ಗೀಸರ್ ನೀರಲ್ಲಿ ಮಿಂದರೆ ಗೆಸ್ಟ್. ಈ ಮನೆಯಲ್ಲಿ ಹಂಡೆಯೇ ಇಲ್ಲ.” ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಗೆ ಬಳ್ಳಿ ಸುತ್ತಿ ನೀರು ತುಂಬುವುದು, ಮರುದಿನ ಆ ನೀರು ಕಾಯಿಸಿ ಎಣ್ಣೆಸ್ನಾನ ಮಾಡುವುದು ಪದ್ಧತಿ. ಅತ್ತೆಯ ಆ ಮಾತು ನನ್ನ ಎದೆಯಲ್ಲಿ ನಾಟಿತು. ಇಷ್ಟು ದಿನ ನನ್ನ ಕೊರಗಿಗೆ ಸಿಗದಿದ್ದ ಮದ್ದು ಅದೇ ಎನ್ನಿಸಿತು. ಹಂಡೆ ಒಂದು ಬಂದರೆ ಹುಡುಗ ನಮ್ಮವನಾಗುತ್ತಾನೆ.

“ಹಂಡೆ ನೀರಲ್ಲಿ ಮೀಯ್ತೀಯಲ್ಲ?” ಎಂದು ಅತ್ತೆ ಕೇಳಿದರು. ಒಂದು ಅಕ್ಷರವೂ ಅರ್ಥವಾಗದ ಅಳಿಯ ಚಾಲೇಲ್ ಎಂದ. ಅತ್ತೆ ನನ್ನ ಕಡೆ ತಿರುಗಿ, “ನೋಡು, ಒಳ್ಳೆ ಸಂಸ್ಕಾರ. ಕೇಳಿದ ಕೂಡಲೇ ಒಪ್ಪಿದ” ಎಂದರು.

ಹಬೆಯಾಡುವ ಚಿತ್ರ

ಹಬ್ಬದ ಸಮಯದಲ್ಲಿ ಯಜಮಾನರಿಗೆ ಹೋಟೆಲ್ ಬಿಟ್ಟು ಠಾಣೆಯ ಪಾತ್ರೆ ಅಂಗಡಿಗೆ ಹೋಗಲು ಪುರುಸೊತ್ತಿಲ್ಲ. ಹಾಗಾಗಿ ಫೋನಿನಲ್ಲೇ ಹುಡುಕಿದರು. ಒಂದು ಸಂಜೆ ಹಂಡೆ ಸಿಕ್ಕಿತು.

ಎಂಥ ಹಂಡೆ ಅದು. ತಾಮ್ರದ ಮೈ ಸಂಜೆಯ ಬಿಸಿಲಿಗೆ ಮಿರುಗುತ್ತಿತ್ತು. ಕಂಠಕ್ಕೆ ಗೊಂಡೆಹೂವಿನ ಮಾಲೆ. ಬಾಯಿಂದ ಹಬೆ ಎದ್ದು ಹಿಂದಿನ ಮಂಜಿನಲ್ಲಿ ಬೆರೆಯುತ್ತಿತ್ತು. ನಾವು ಮೂವರೂ ಫೋನಿನ ಸುತ್ತ ಕೂತು ಬಹಳ ಹೊತ್ತು ಸುಮ್ಮನೆ ನೋಡಿದೆವು. ಖಾಡಿಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು, ಆದರೆ ನನಗೆ ಬೆನ್ನ ಮೇಲೆ ಬಿಸಿನೀರು ಬಿದ್ದಂತೆ ಅನ್ನಿಸುತ್ತಿತ್ತು. ಆ ಹಬೆಯೊಳಗಿಂದ ನನ್ನ ಅಳಿಯ, ಕೆಂಪು ಮುಖ ಮಾಡಿಕೊಂಡು, ಒದ್ದೆ ಕೂದಲು ಕೊಡವುತ್ತ, ನಗುತ್ತ ಹೊರಗೆ ಬರುವುದನ್ನು ನಾನು ಕಣ್ಣಾರೆ ಕಂಡೆ.

“ಕೊಂಡವರು ಏನು ಬರೆದಿದ್ದಾರೆ ನೋಡಿ” ಎಂದು ನೆನಪಿಸಿದೆ. ಯಜಮಾನರು ನೋಡಿದರು. ಯಾರೂ ಏನೂ ಬರೆದಿರಲಿಲ್ಲ. “ಕೆಟ್ಟದ್ದು ಅಂತ ಒಬ್ಬನೂ ಬರೆದಿಲ್ಲ. ಇದಕ್ಕಿಂತ ಒಳ್ಳೆ ವ್ಯಾಪಾರಿ ಎಲ್ಲಿ ಸಿಗ್ತಾನೆ?” ಎಂದರು.

ಆದರೂ ಒಂದು ದಿನ ಯೋಚಿಸಿ ತರಿಸೋಣ ಎಂದುಕೊಂಡೆವು. ಆಗ ಅತ್ತೆ ನೀರು ಕಾದಿದೆಯೋ ನೋಡುವವರಂತೆ ಬೆರಳು ಚಾಚಿ ಹಂಡೆಯನ್ನು ಮುಟ್ಟಿದರು. ಬೆರಳು ತಾಗಿದ್ದು ಅದರ ಕೆಳಗಿದ್ದ ‘ಕೊಳ್ಳಿ’ ಎಂಬ ಬಟನ್ನಿಗೆ.

ಆರಕ್ಕೆ ನಾಲ್ಕು

ಹಂಡೆಯ ದಾರಿ ಕಾಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಪಾರ್ಸಲ್‌ಗಳ ನಡುವೆ ಮಲಗಿದ್ದಾಗ ಫೋನ್ ಬಂತು. ಗಂಡಸಿನ ದನಿ, ಬೆಣ್ಣೆಯಷ್ಟು ಮೃದು. “ಮ್ಯಾಡಮ್, ಆಪ್ ಕೇ ಲಿಯೇ ದಿವಾಲೀ ಗಿಫ್ಟ್ ಆಯಾ ಹೈ” ಎಂದ. ಅಡ್ರೆಸ್ ಸರಿಯಿಲ್ಲದೆ ಪಾರ್ಸಲ್ ಗೋದಾಮಿನಲ್ಲಿ ನಿಂತಿದೆ, ಈಗ ನಿಮ್ಮ ಫೋನಿಗೆ ಆರು ಅಂಕಿಯ ನಂಬರ್ ಬರುತ್ತದೆ, ಅದನ್ನು ಹೇಳಿದರೆ ಬಿಡಿಸಿ ಕಳಿಸುತ್ತೇನೆ ಎಂದ.

ನಾನಿನ್ನೂ ನಿದ್ದೆಯಿಂದ ಪೂರ್ತಿ ಎದ್ದಿರಲಿಲ್ಲ. ನನಗೆ ಗಿಫ್ಟ್ ಯಾರು ಕಳಿಸಿಯಾರು? ಅಳಿಯನೇ ಇರಬಹುದು, ಬಾಯಲ್ಲಿ ಹೇಳಲಾಗದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿರಬಹುದು ಎಂದು ಮನಸ್ಸು ತೇಲಿಕೊಂಡು ಹೋಯಿತು. ಸೀರೆಯೋ ಏನೋ. ಅದರ ಬಣ್ಣ ಕೂಡ ಕಂಡಿತು, ತಿಳಿ ಗುಲಾಬಿ, ಚಳಿಗಾಲದಲ್ಲಿ ಖಾಡಿಗೆ ಬರುವ ಹಕ್ಕಿಗಳ ಬಣ್ಣ. ನಂಬರ್ ಬಂತು. ಓದಲು ಕನ್ನಡಕ ಹುಡುಕತೊಡಗಿದೆ. ಅಷ್ಟರಲ್ಲಿ, “ಯಾರದು? ಎಂತ ಬೇಕಂತೆ?” ಎಂದು ಅತ್ತೆ ಫೋನ್ ತೆಗೆದುಕೊಂಡರು. ಆರು ನಂಬರ್ ಬೇಕಂತೆ ಎಂದೆ.

ಅತ್ತೆಗೆ ಓಟಿಪಿ ಎಂದರೆ ಏನೆಂದು ಗೊತ್ತಿಲ್ಲ. ಅವರ ಹಿಂದಿಯೆಲ್ಲ ವಾಶಿಯ ದೊಡ್ಡ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುತ್ತ ಕಲಿತದ್ದು. ಅಲ್ಲಿ ಅವರು ಕಲಿತ ಧರ್ಮ ಒಂದೇ, ಕೇಳಿದಷ್ಟನ್ನು ಕೊಡುವವರು ಮೂರ್ಖರು.

“ಛೇ ಬಹುತ್ ಹೋತಾ ಹೈ” ಎಂದರು ಅತ್ತೆ, ಆರು ಜಾಸ್ತಿಯಾಯಿತು ಎಂದು. “ಚಾರ್ ದೇಗಾ.”

ಆ ಕಡೆಯವನು ಗಲಿಬಿಲಿಯಾಗಿ, ಅಮ್ಮಾ, ನಾಲ್ಕು ಸಾಲದು, ಪೂರ್ತಿ ಆರು ಬೇಕು ಎಂದ.

“ಸಬ್ ಕೋ ಚಾರ್ ದೇತಾ ಹೈ. ಬಾಜೂ ವಾಲಾ ತೀನ್ ಮೇ ಲೇತಾ ಹೈ.” ಎಲ್ಲರಿಗೂ ಕೊಡುವುದು ನಾಲ್ಕೇ, ಪಕ್ಕದವನಿಗೆ ಮೂರೇ ಸಾಕು ಎಂದು.

ಅವನು ತಾಳ್ಮೆ ತಂದುಕೊಂಡು ಮೊದಲಿನಿಂದ ವಿವರಿಸಿದ. ಅತ್ತೆ ಕೇಳಿಸಿಕೊಂಡು, ನಾಲ್ಕೂವರೆಗೆ ಏರಿ, “ಅಚ್ಛಾ, ಸಾಡೇ ಚಾರ್. ಕೊತ್ತಮೀರ್ ಫ್ರೀ ಡಾಲೋ” ಎಂದರು.

ಅಷ್ಟು ಹೊತ್ತಿಗೆ ನನಗೆ ಪೂರ್ತಿ ಎಚ್ಚರವಾಗಿ, ಸೆಕ್ರೆಟರಿಯ ಮಾತು ನೆನಪಾಯಿತು. ಫೋನ್ ಕಿತ್ತುಕೊಳ್ಳಲು ಹೋದೆ. ಆದರೆ ಅವನೇ ಇಟ್ಟುಬಿಟ್ಟಿದ್ದ. ಅತ್ತೆ ಕರಿಯಾದ ಪರದೆಯನ್ನು ನೋಡಿ ತಲೆಯಾಡಿಸಿದರು. “ಇವ ವ್ಯಾಪಾರಕ್ಕೆ ಹೊಸಬ. ಗಿರಾಕಿ ಏರ್ತಾ ಇರುವಾಗ ಅಂಗಡಿ ಮುಚ್ತಾರಾ?”

ಕಿಸೆಯಲ್ಲಿ ಬಂದದ್ದು

ಹಂಡೆ ಬರುವ ದಿನ ಯಜಮಾನರು ಹೋಟೆಲಿನ ಇಬ್ಬರು ಅಡುಗೆಯವರನ್ನು ಮನೆಗೆ ಕರೆತಂದಿದ್ದರು, ಇಳಿಸಿಕೊಳ್ಳಲು ಜನ ಬೇಕಲ್ಲ. ಬಚ್ಚಲಿನ ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದ್ದರು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು.

ಪಾರ್ಸಲಿನವನು ವಿಜಯಪುರದ ಕಡೆಯವನು, ಯಾವಾಗಲೂ ಬರುವವನೇ. ಒಂದು ಪುಟ್ಟ ಡಬ್ಬಿಯನ್ನು ನನ್ನ ಕೈಗಿಟ್ಟ.

“ಇದಿರಲಿ, ಹಂಡೆ ಎಲ್ಲಿ?” ಎಂದರು ಯಜಮಾನರು. “ಟೆಂಪೋದಲ್ಲಿ ಉಂಟಾ? ಜನ ರೆಡಿ ಇದ್ದಾರೆ.”

“ಯಾವ ಹಂಡೇರಿ? ಇದೊಂದ ಐತ್ರಿ ನಿಮ್ಮ ಹೆಸರಿಗಿ.”

ಯಜಮಾನರು ಚೀಟಿ ಓದಿದರು. ಅದರಲ್ಲಿ ತಾಮ್ರದ ಹಂಡೆ ಎಂದೇ ಇತ್ತು. ಅವನೂ ಬಗ್ಗಿ ಓದಿ, ಬಾಯಿ ಮೇಲೆ ಕೈಯಿಟ್ಟುಕೊಂಡ. “ಯಪ್ಪಾ, ಚೀಲದಾಗ ಜಾಗ ಇಲ್ಲಂತ ನಾ ಇದನ್ನ ಕಿಸೇದಾಗ ಇಟ್ಕೊಂಡು ಬಂದೀನ್ರಿ.”

ಯಜಮಾನರು ಎದೆಗುಂದಲಿಲ್ಲ. ಒಡೆಯುವಾಗ ವೀಡಿಯೋ ಮಾಡಿದರೆ ಯಾವ ಮೋಸಗಾರನೂ ತಪ್ಪಿಸಿಕೊಳ್ಳಲಾರ ಎಂದು ಫೋನ್ ಎತ್ತಿ ಹಿಡಿದರು. ನಾನು ಡಬ್ಬಿ ಬಿಚ್ಚಿದೆ. ಒಳಗೆ ನನ್ನ ಅಂಗೈ ಮೇಲೆ ಕೂರುವಷ್ಟು ಹಂಡೆ. ಮಾಡಿದವನ ಕೈಗುಣ ಚೆನ್ನಾಗಿತ್ತು, ಕಂಠ, ಅಂಚು, ಎರಡು ಕಡೆ ಬಳೆ, ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇತ್ತು. ಅತ್ತೆ ಒಂದು ಕ್ಷಣ ನೋಡಿ, ತಟ್ಟೆ ಹಿಡಿದ ಮೇಲೆ ಆರತಿ ಎತ್ತಲೇಬೇಕಲ್ಲ ಎಂದು ಎತ್ತಿದರು. ಕುಂಕುಮ ಇಟ್ಟರು. ಕುಂಕುಮಕ್ಕೆ ಹಂಡೆ ಅರ್ಧ ಮುಚ್ಚಿತು. ಅಡುಗೆಯವರಿಬ್ಬರೂ ಬಚ್ಚಲಿನ ಬಾಗಿಲನ್ನು ಮತ್ತೆ ಕೂರಿಸಿ, ಕಾಫಿ ಕುಡಿದು ಹೋದರು.

ಕಂಪ್ಲೇಂಟ್ ಕೊಡಲೆಂದು ವೀಡಿಯೋ ತೆರೆದು ನೋಡಿದೆವು. ಯಜಮಾನರಿಗೆ ಫೋನಿನ ಕ್ಯಾಮೆರಾ ತಿರುಗಿಸಲು ಬರುವುದಿಲ್ಲ, ಅದು ಯಾವಾಗಲೂ ಅವರ ಮುಖವನ್ನೇ ನೋಡುತ್ತಿರುತ್ತದೆ. ವೀಡಿಯೋದಲ್ಲಿ ಹಂಡೆ ಎಲ್ಲಿಯೂ ಇರಲಿಲ್ಲ. ನಗುತ್ತಿದ್ದ ಯಜಮಾನರ ಮುಖ ಮೆಲ್ಲಗೆ ಬಾಡುತ್ತ ಬಾಡುತ್ತ ಕೊನೆಗೆ ಅಳುಮುಖವಾಗುವುದು ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

ಯಜಮಾನರು ಅಂಗಡಿಯವನಿಗೆ ಬರೆದರು. ಏನು ಬರೆದರೋ, ಅವನೇನು ಉತ್ತರಿಸಿದನೋ, ನನಗೆ ಹೇಳಲಿಲ್ಲ. ಒಳಕೋಣೆಯಿಂದ ಹೊರಗೆ ಬಂದು, “ಒಳ್ಳೆ ಮನುಷ್ಯ. ಹಬ್ಬದೊಳಗೆ ದೊಡ್ಡದು ಕಳಿಸ್ತಾನಂತೆ” ಎಂದಷ್ಟೇ ಹೇಳಿದರು. ನ್ಯಾಯ ಸಿಕ್ಕಿತೇ ಎಂದು ಸೆಕ್ರೆಟರಿ ಕೇಳಿದಾಗ ವೀಡಿಯೋ ತೋರಿಸಿದೆವು. ಅವರು ಎರಡು ಸಲ ನೋಡಿ, “ಪಾಪ, ಯಾರು ತೀರಿಕೊಂಡರು?” ಎಂದರು.

ನೀರು ತುಂಬುವ ಸಂಜೆ

ದೊಡ್ಡ ಹಂಡೆ ಬರಲಿಲ್ಲ. ಹಬ್ಬದ ಹಿಂದಿನ ದಿನ ಯಜಮಾನರು ಗೇಟಿನ ಬಳಿ ನಿಂತು ಪ್ರತಿಯೊಂದು ಟೆಂಪೋವನ್ನೂ ಆಸೆಯಿಂದ ನೋಡಿದರು. ಸಂಜೆ ಮಗಳು ಅಳಿಯ ಡೊಂಬಿವಲಿಯಿಂದ ಹೊರಟೆವು ಎಂದು ಫೋನ್ ಮಾಡಿದರು. ಒಂದು ಬಕೆಟ್ ಇಟ್ಟು ಹೂ ಸುತ್ತೋಣವೇ ಎಂದು ಅತ್ತೆಯನ್ನು ಕೇಳಿದೆ.

“ಪ್ಲಾಸ್ಟಿಕ್ಕಿಗಾ? ಬೇಡ. ಇದಕ್ಕೆ ಕುಂಕುಮ ಇಟ್ಟಾಗಿದೆ. ಸಣ್ಣದಾದ್ರೂ ಹಂಡೆ ಹಂಡೆಯೇ” ಎಂದು ಅತ್ತೆ ಆ ಪುಟ್ಟದನ್ನು ಹುಣಸೆಹುಳಿ ಹಾಕಿ ತಿಕ್ಕಿದರು. ಬೆಂಕಿಕಡ್ಡಿಯಿಂದ ಸುಣ್ಣದ ಗೆರೆ ಎಳೆದರು. ಊರಲ್ಲಾದರೆ ಹಿಂಡ್ಲೆ ಬಳ್ಳಿ ಸುತ್ತಬೇಕು. ಇಲ್ಲಿ ಮನಿಪ್ಲಾಂಟಿನ ಎಳೆಯೊಂದು ಸಿಕ್ಕಿತು, ಅದರ ಒಂದೇ ಎಲೆಗೆ ಹಂಡೆ ಮರೆಯಾಗಿ ಹೋಯಿತು. ಬಚ್ಚಲಿನ ಸ್ಟೂಲಿನ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಹಣತೆ ಹಚ್ಚಿ, ಚಮಚದಲ್ಲಿ ನೀರು ತುಂಬಿದರು. ಹಣತೆಯ ಬೆಳಕು ಆ ತಾಮ್ರದ ಮೇಲೆ ಬಿದ್ದು ಅಲುಗುತ್ತಿತ್ತು. ಕಣ್ಣು ಅರೆ ಮುಚ್ಚಿ ನೋಡಿದರೆ ಚಿತ್ರದಲ್ಲಿದ್ದ ಹಂಡೆಯೇ. ನಾನು ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತ ನಿಂತೆ.

ಮಗಳು ಅಳಿಯ ಬಂದರು. ಅಳಿಯ ಒಂದು ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದ, ಕೊಡು ಎಂದರೂ ಬಿಡಲಿಲ್ಲ. ಅತ್ತೆ ಅವನ ಕೈ ಹಿಡಿದು ನೇರ ಬಚ್ಚಲಿಗೇ ಕರೆದೊಯ್ದು, “ಇದು ನಿನ್ನ ಹಂಡೆ” ಎಂದು ತೋರಿಸಿದರು.

ಅವನು ನೋಡಿದ. ಬ್ಯಾಗನ್ನು ಕೆಳಗಿಟ್ಟು, ಬಗ್ಗಿ, ಮತ್ತೆ ನೋಡಿದ. ಕೆಲಸದಲ್ಲಿ ಮಾಲು ಪರೀಕ್ಷಿಸುವಂತೆಯೇ ಇರಬೇಕು, ಹಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಳದಲ್ಲಿದ್ದ ಅಂಗಡಿಯ ಚೀಟಿ ಓದಿದ. ನೀರೆಲ್ಲ ಅವನ ಮೊಣಕೈಗೆ ಇಳಿಯಿತು. ಅವನ ಭುಜ ಅಲುಗತೊಡಗಿತು. ಅವಮಾನವಾಯಿತೋ, ಕೋಪ ಬಂತೋ, ನಾಳೆಯೇ ಎದ್ದು ಹೋಗುತ್ತಾನೋ ಎಂದು ಹೆದರಿದೆ. ಆಮೇಲೆ ಸದ್ದು ಬಂತು. ಹುಡುಗ ನಗುತ್ತಿದ್ದ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಆ ನಗು ನೋಡಿ ನನಗೆ ಅಳುವೇ ಬಂತು.

ನಗುತ್ತಲೇ ಬ್ಯಾಗಿನ ಜಿಪ್ ಎಳೆದು, ಬಟ್ಟೆಗಳ ನಡುವಿನಿಂದ ಒಂದು ಕುರ್ಚಿ ಹೊರಗೆ ತೆಗೆದ. ಬೆತ್ತದ ಕುರ್ಚಿ. ಎರಡು ಕೈ, ಹೆಣೆದ ಬೆನ್ನು, ಎಲ್ಲವೂ ಇತ್ತು. ಗಿಳಿಯೊಂದು ಆರಾಮಾಗಿ ಕೂರಬಹುದಿತ್ತು. ಹಂಡೆಯ ಪಕ್ಕದಲ್ಲಿ ಇಟ್ಟ. ಒಂದಕ್ಕೊಂದು ಅಳತೆ ಬಹಳ ಚೆನ್ನಾಗಿ ಹೊಂದಿತು.

“ಅಜ್ಜೀ ಕೇ ಲಿಯೇ ಸರ್ಪ್ರೈಸ್ ಥಾ” ಎಂದಳು ಮಗಳು. ತೋರಿಸಲು ನಾಚಿಕೆಯಾಗಿ, ಹಾಗೆಯೇ ವಾಪಸ್ ಒಯ್ಯುವುದೆಂದು ದಾರಿಯುದ್ದಕ್ಕೂ ಹೇಳುತ್ತಿದ್ದನಂತೆ.

ಎಲ್ಲರೂ ಹಾಲಿಗೆ ಬಂದು ಕೂತೆವು. ಯಜಮಾನರಿಗೆ ಈಗ ಧೈರ್ಯ ಬಂದಿತ್ತು, ಮೋಸ ಹೋದದ್ದು ತಾವೊಬ್ಬರೇ ಅಲ್ಲವಲ್ಲ. “ನಿನ್ನಂಥ ಅಳತೆಯ ಮನುಷ್ಯ ಹೀಗೆ ಬೀಳೋದಾ? ದಿನಾ ಕಳಿಸ್ತಿದ್ದೆನಲ್ಲ, ಕೊಂಡವರು ಬರೆದದ್ದು ಓದದೆ ಏನೂ ತಗೋಬೇಡಿ ಅಂತ” ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು.

“ವಾಚ್ಲಾ ಬಾಬಾ” ಎಂದ ಅಳಿಯ, ಓದಿದೆ ಅಪ್ಪಾ ಎಂದು. ಫೋನ್ ತೆಗೆದು ನಮ್ಮ ಮುಂದೆ ಹಿಡಿದ.

ಅವನು ಕುರ್ಚಿ ಕೊಂಡಾಗ ಆ ಅಂಗಡಿಯ ಬಗ್ಗೆ ಇದ್ದದ್ದು ಒಂದೇ ಅಭಿಪ್ರಾಯ. ಐದು ನಕ್ಷತ್ರ. ‘ಉತ್ತಮ ವ್ಯಾಪಾರಿ, ದೇವರು ಒಳ್ಳೆಯದು ಮಾಡಲಿ’ ಎಂಬ ಮಾತು. ಜತೆಗೆ ಒಂದು ಫೋಟೋ. ಅದರಲ್ಲಿ ಪರದೆ ತುಂಬ ಒಂದು ಭಾರೀ ತಾಮ್ರದ ಹಂಡೆ, ಆ ಹಂಡೆಯ ಹಿಂದಿನಿಂದ ಇಣುಕುತ್ತಿದ್ದ ನಮ್ಮ ಯಜಮಾನರ ಪುಟ್ಟ ಮುಖ. ಕ್ಯಾಮೆರಾ ತಿರುಗಿಸಲು ಬಾರದ ಪುಣ್ಯಾತ್ಮರು ಹಂಡೆಯನ್ನು ಫೋನಿನ ಮೂಗಿಗೇ ಹಿಡಿದು ತಮ್ಮನ್ನೂ ಸೇರಿಸಿ ಫೋಟೋ ತೆಗೆದಿದ್ದರು.

ಎಲ್ಲರೂ ಅವರನ್ನು ನೋಡಿದೆವು. ಅವರು ನೆಲ ನೋಡಿದರು. “ನಾನು ಸಣ್ಣ ವ್ಯಾಪಾರಿ, ಹಬ್ಬದ ದಿನ ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ, ಒಳ್ಳೆಯದು ಬರೆದರೆ ದೊಡ್ಡದು ಕಳಿಸ್ತೇನೆ ಅಂತ ಬರೆದಿದ್ದ. ಅವನಿಗೂ ಸಂಸಾರ ಉಂಟಲ್ಲ” ಎಂದರು ಮೆಲ್ಲಗೆ.

ಆಗ ಅಳಿಯ ಮಾತಾಡಿದ. ನಮ್ಮ ಮನೆಯಲ್ಲಿ ಅವನು ಆಡಿದ ಅಷ್ಟುದ್ದದ ಮಾತು ಅದೇ ಮೊದಲು. ಕುರ್ಚಿಯ ಅಳತೆ ಎಲ್ಲಿಯೂ ಬರೆದಿರಲಿಲ್ಲ, ನನಗೆ ಅನುಮಾನ ಬಂತು, ಬಿಟ್ಟುಬಿಡೋಣ ಎಂದುಕೊಂಡೆ ಎಂದ. “ಮಗ್ ಬಾಬಾಂಚಾ ಫೋಟೋ ದಿಸಲಾ.” ಆಮೇಲೆ ಬಾಬಾರ ಫೋಟೋ ಕಾಣಿಸಿತು. ಮನೆಯವರೇ ಹೇಳಿದ ಮೇಲೆ ಇನ್ನು ಅಳತೆ ಕೇಳುವುದೇನು ಎಂದುಕೊಂಡನಂತೆ.

ಮನೆಯವರು ಎಂದ. ನಾನು ಕೇಳಿಸಿಕೊಂಡೆ. ಹಂಡೆ ನೀರು ಮೈಮೇಲೆ ಬೀಳುವ ಮೊದಲೇ, ಯಾರೂ ಕೇಳದೆಯೇ ಹೇಳಿದ. ಇಷ್ಟು ದಿನ ನಾನು ಯಾವುದಕ್ಕೆ ಕೊರಗುತ್ತಿದ್ದೆನೋ ಅದು ಡೊಂಬಿವಲಿಯಲ್ಲಿ ಅವನ ಫೋನಿನೊಳಗೆ ಎಂದೋ ಆಗಿಹೋಗಿತ್ತು.

ಯಜಮಾನರು ಎದ್ದು ನಿಂತರು. “ಕೊಡು ಇಲ್ಲಿ, ಶಪಥ ಹಾಳಾಗಿ ಹೋಗಲಿ. ಈಗಲೇ ಒಂದು ನಕ್ಷತ್ರ ಮಾಡ್ತೇನೆ” ಎಂದು ಫೋನಿಗೆ ಕೈ ಹಾಕಿದರು.

ಅಳಿಯ ತಡೆದ. “ನಕೋ ಬಾಬಾ.”

“ಯಾಕೆ ಮಾರಾಯ?”

ಅಳಿಯ ತಲೆ ತಗ್ಗಿಸಿದ. ಕುರ್ಚಿ ಬಂದ ಮೇಲೆ ತಾನೂ ಅಭಿಪ್ರಾಯ ಬರೆದಿದ್ದೇನೆ ಎಂದ. ಎಷ್ಟು ಕೊಟ್ಟೆ ಎಂದು ಯಜಮಾನರು ಕೇಳಿದರು.

“ಪಾಂಚ್.”

“ಈ ಕುರ್ಚಿಗೆ? ಯಾಕೆ?”

ನಿಮ್ಮ ಐದರ ಕೆಳಗೆ ನಾನು ಒಂದು ಹಾಕಿದರೆ ಊರವರ ಮುಂದೆ ನಿಮ್ಮ ಮಾತು ಸುಳ್ಳಾಗುತ್ತದಲ್ಲ ಎಂದ.

ಮಾವ ಅಳಿಯನನ್ನು ನೋಡಿದರು. ಅಳಿಯ ಮಾವನನ್ನು ನೋಡಿದ. ಇಬ್ಬರ ಕಣ್ಣೂ ತುಂಬಿತ್ತು. ಮಗಳು ಇಬ್ಬರ ಫೋನನ್ನೂ ಕಿತ್ತುಕೊಂಡು, “ದೋನೋ ಏಕ್ ಜೈಸೇ”, ಇಬ್ಬರೂ ಒಂದೇ ಥರ ಎಂದು ಬಯ್ಯುತ್ತ, ಹತ್ತು ನಕ್ಷತ್ರಗಳಲ್ಲಿ ಎರಡನ್ನು ಮಾತ್ರ ಉಳಿಸಿ, ಎರಡು ವಸ್ತುಗಳ ಪಕ್ಕದಲ್ಲೂ ಬೆಂಕಿಪೊಟ್ಟಣ ಇಟ್ಟು ಹೊಸ ಫೋಟೋ ಹಾಕಿದಳು.

ಇಷ್ಟನ್ನೂ ಸೋಫಾದಲ್ಲಿ ಕೂತು ನೋಡುತ್ತಿದ್ದ ಅತ್ತೆ ಈಗ ತೀರ್ಪು ಕೊಟ್ಟರು. “ಈ ಮನೆಯ ಗಂಡಸರನ್ನು ನಂಬಿದ್ರೆ ಆಗ್ಲಿಕ್ಕಿಲ್ಲ. ಇನ್ನು ಮುಂದೆ ಹಂಡೆ ಆಗಲಿ ಕುರ್ಚಿ ಆಗಲಿ, ನಾನೇ ಅಂಗಡಿಗೆ ಹೋಗಿ ಮುಟ್ಟಿ ನೋಡಿ ತರ್ತೇನೆ. ಈಗಲೇ ಹೊರಟೆ.”

ಏಳಲು ಎರಡು ಸಲ ನೋಡಿ, ಆಮೇಲೆ ಅತ್ತೆ ಎರಡೂ ಕೈ ಮುಂದೆ ಚಾಚಿದರು.

“ಮೊದಲು ಇಬ್ಬರೂ ಸೇರಿ ನನ್ನನ್ನು ಎಬ್ಬಿಸಿ.”